ತಮಟೆಯ ಏಟಿಗೆ ತಕ್ಕ ಮೈಕು

ಊರಿಗೆ ಮೈಕು ಬರುವ ಮೊದಲು ತಮಟೆಯೇ ಮೈಕು. ಕೆರೆಯ ತೂಬು ಎತ್ತುವ ದಿನ, ಕಂದಾಯ ಕಟ್ಟುವ ಗಡುವು, ಜಾತ್ರೆಯ ಹೊತ್ತು, ಊರಲ್ಲೊಂದು ಸಾವು, ಏನೇ ಆಗಲಿ, ತೋಟಿಯೋ ತಳವಾರನೋ ನಾಲ್ಕು ಬೀದಿ ಕೂಡುವಲ್ಲಿ ನಿಂತು ತಮಟೆ ಬಡಿದು ಸಾರಿದ ಮೇಲೆಯೇ ಅದು ಊರಿನ ಸುದ್ದಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಆ ಕೆಲಸವನ್ನು ಈಗ ಧ್ವನಿವರ್ಧಕ ಕಟ್ಟಿದ ಆಟೋ ಮಾಡುತ್ತದೆ. ಆದರೆ ಕರಗಕ್ಕೆ, ಗ್ರಾಮದೇವತೆಯ ಜಾತ್ರೆಗೆ, ಚುನಾವಣೆ ಗೆದ್ದವರ ಮೆರವಣಿಗೆಗೆ ಇಂದಿಗೂ ತಮಟೆಯೇ ಬೇಕು. ವಿಚಿತ್ರವೆಂದರೆ, ಮೈಕಿನ ಕೆಲಸವನ್ನು ತಲೆಮಾರುಗಟ್ಟಲೆ ಮಾಡಿದ ಈ ವಾದ್ಯದ ದನಿಯನ್ನು ಸರಿಯಾಗಿ ಹಿಡಿದಿಡುವುದು ಮೈಕಿಗೆ ಬಹುಕಾಲ ಒಲಿಯಲಿಲ್ಲ.

ಅದಕ್ಕೆ ಕಾರಣ ತಮಟೆಯ ಮೈಕಟ್ಟಿನಲ್ಲಿಯೇ ಇದೆ. ಮರದ ಅಥವಾ ಕಬ್ಬಿಣದ ಬಳೆ, ಅದರ ಒಂದು ಮುಖಕ್ಕೆ ಎಳೆದು ಬಿಗಿದ ಚರ್ಮ, ಇಷ್ಟೇ. ಮೃದಂಗದ ಹಾಗೆ ನಡುವೆ ಕರಣೆಯಿಲ್ಲ, ಹಿಂದೆ ದನಿಯನ್ನು ತುಂಬಿಕೊಳ್ಳುವ ಹೊಟ್ಟೆಯಿಲ್ಲ. ಎಡಗೈಯಲ್ಲಿ ತೆಳುವಾದ ಉದ್ದ ಕಡ್ಡಿ, ಬಲಗೈಯಲ್ಲಿ ದಪ್ಪನೆಯ ಗಿಡ್ಡ ಕೋಲು. ಬಾರಿಸುವ ಮುನ್ನ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ತೇವ ಆರಿ ಚರ್ಮ ಬಿಗಿಯಾದಾಗ ದನಿ ಏರುತ್ತದೆ. ಸರ್ ಸಿ. ವಿ. ರಾಮನ್ ಅವರು 1920ರಲ್ಲಿ ಒಮ್ಮೆ, ಬೆಂಗಳೂರಿಗೆ ಬಂದ ಬಳಿಕ 1934ರಲ್ಲಿ ಇನ್ನೊಮ್ಮೆ, ಮೃದಂಗ ಮತ್ತು ತಬಲಾಗಳ ಕರಣೆ ಹೇಗೆ ಚರ್ಮದ ಕಂಪನಗಳನ್ನು ಶ್ರುತಿಬದ್ಧಗೊಳಿಸುತ್ತದೆಂದು ವಿವರಿಸಿದರು. ತಮಟೆಗೆ ಆ ಹಂಗಿಲ್ಲ. ಅದರ ಏಟು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಬೀಳುವ ಸ್ಫೋಟ. ಬಯಲು ದಾಟಿ ಮುಂದಿನ ಊರಿಗೆ ಕೇಳಬೇಕೆಂದೇ ಕಟ್ಟಿದ ವಾದ್ಯವದು. ಗಡಿಯಾಚೆಯ ತೆಲುಗರ ಡಪ್ಪು, ತಮಿಳರ ಪರೈ ಇದರ ಬಳಗದವೇ.

ಈ ದನಿಗೆ ಒಂದು ಕಹಿ ಚರಿತ್ರೆಯೂ ಇದೆ. ತಮಟೆ ಬಡಿಯುವುದು ದಲಿತ ಕೇರಿಯವರ ಪಾಲಿಗೆ ಕಲೆಗಿಂತ ಹೆಚ್ಚಾಗಿ ಕಟ್ಟುಪಾಡಾಗಿತ್ತು. ಸಾವಿನ ಮನೆಯ ಮುಂದೆ, ದೇವರ ಉತ್ಸವದ ಮುಂದೆ ಬಡಿಯಲೇಬೇಕು. ಆದರೆ ಗುಡಿಯ ಒಳಗೆ ಕಾಲಿಡುವಂತಿಲ್ಲ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಚಳವಳಿ ಹಬ್ಬಿದಾಗ ಅನೇಕ ಕಡೆ ಯುವಕರು ಇನ್ನು ಬಡಿಯುವುದಿಲ್ಲವೆಂದು ತಮಟೆಯನ್ನು ಕೆಳಗಿಟ್ಟರು. ಅದೇ ಚಳವಳಿಯ ಸಭೆಗಳಲ್ಲಿ, 1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಸಂಕಲನದ ಪದ್ಯಗಳಿಗೆ ಅದೇ ತಮಟೆ ಜೊತೆಯಾಯಿತು. ಚಾಕರಿಯಾಗಿ ಬಿಟ್ಟದ್ದು ಪ್ರತಿಭಟನೆಯಾಗಿ ಹಿಂದಿರುಗಿತು. ಈ ಎರಡು ನಡೆಗಳಲ್ಲಿ ಯಾವುದು ಸರಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ, ಮುಗಿಯಬೇಕೆಂದೂ ಇಲ್ಲ. ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರು ಗೆಳೆಯರೊಡನೆ ಕಟ್ಟಿದ 'ಆದಿಮ' ಕೇಂದ್ರದ ಹುಣ್ಣಿಮೆ ಹಾಡಿನ ರಾತ್ರಿಗಳು ಇದೇ ಪರಂಪರೆಗೆ ಸೇರಿದವು. ಹಿಂದೆ ಕೋಲಾರ ಜಿಲ್ಲೆಯಲ್ಲೇ ಇದ್ದು 2007ರಲ್ಲಿ ಚಿಕ್ಕಬಳ್ಳಾಪುರಕ್ಕೆ ಸೇರಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗಾಗಿ. ಇಷ್ಟು ದೂರ ನಡೆದು ಬಂದ ದನಿಯನ್ನು ಧ್ವನಿಮುದ್ರಣದಲ್ಲಿ ಡಬ್ಬ ಬಡಿದಂತೆ ಕೇಳಿಸುವುದು ತಾಂತ್ರಿಕ ದೋಷ ಮಾತ್ರವಲ್ಲ, ಅವಿವೇಕವೂ ಹೌದು.

ಯಂತ್ರದ ಕಡೆಯ ಕಥೆ 1902ರಿಂದ ಶುರುವಾಗುತ್ತದೆ. ಆ ವರ್ಷದ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗೆ ಇಳಿಸಿದ. ಗಣಿಗೆ ಬಂದ ವಿದ್ಯುತ್ತು ಧ್ವನಿಮುದ್ರಣಕ್ಕೆ ಬರಲು ಇನ್ನೂ ಎರಡು ದಶಕಗಳೇ ಬೇಕಾದವು. ಅಲ್ಲಿಯವರೆಗೆ ಕಹಳೆಯ ಬಾಯಿಗೆ ಮುಖವೊಡ್ಡಿ ಕೂಗಿ ಹಾಡಬೇಕು. ಆ ಗಾಳಿಯ ಬಲದಿಂದಲೇ ಮುಳ್ಳು ಮೇಣದ ಮೇಲೆ ಗೆರೆ ಕೊರೆಯಬೇಕು. ಈ ಏರ್ಪಾಡಿನಲ್ಲಿ ಚರ್ಮವಾದ್ಯಕ್ಕೆ ಹಿಂದಿನ ಸಾಲು. ಹತ್ತಿರ ಕೂರಿಸಿದರೆ ಮುಳ್ಳು ಎಗರುವ ಭಯ, ದೂರ ಕೂರಿಸಿದರೆ ದನಿ ಬೀಳುವುದೇ ಇಲ್ಲ. ಹಳೆಯ ತಟ್ಟೆಗಳಲ್ಲಿ ತಬಲಾ, ಮೃದಂಗಗಳು ಪಕ್ಕದ ಮನೆಯಲ್ಲಿ ಬಾರಿಸಿದಂತೆ ಕೇಳುವುದು ಇದರಿಂದಲೇ.

ಕಂಡೆನ್ಸರ್ ಮೈಕನ್ನು ರೂಪಿಸಿದವನು ಅಮೆರಿಕದ ಇ. ಸಿ. ವೆಂಟ್, 1916ರಲ್ಲಿ. ಅದರ ಒಳಗುಟ್ಟು ತಮಟೆ ಬಾರಿಸುವವನಿಗೆ ಬೇಗ ಅರ್ಥವಾಗುವಂಥದ್ದು. ಒಂದು ಬಳೆಗೆ ಬಿಗಿದ ಬಹು ತೆಳುವಾದ ಪೊರೆ. ಅದರ ಹಿಂದೆ ಕೂದಲೆಳೆಯಷ್ಟು ಅಂತರದಲ್ಲಿ ಅಲುಗದ ಲೋಹದ ಫಲಕ. ಎರಡರ ನಡುವೆ ವಿದ್ಯುದಾವೇಶ. ದನಿ ತಾಕಿ ಪೊರೆ ನಡುಗಿದಾಗ ಅಂತರ ಬದಲಾಗುತ್ತದೆ, ಅದರೊಂದಿಗೆ ವಿದ್ಯುತ್ ಒತ್ತಡವೂ ಬದಲಾಗುತ್ತದೆ. ಅಂದರೆ ಕಂಡೆನ್ಸರ್ ಮೈಕು ಒಂದು ಪುಟ್ಟ ತಮಟೆಯೇ; ಒಂದು ದನಿ ಕೊಡುತ್ತದೆ, ಇನ್ನೊಂದು ದನಿ ತೆಗೆದುಕೊಳ್ಳುತ್ತದೆ. ಎರಡಕ್ಕೂ ತೇವ ಕಂಡರೆ ಆಗದು. ಥಂಡಿಯಲ್ಲಿ ತಮಟೆ ಸಡಿಲವಾದರೆ ಮೈಕಿನ ಆವೇಶ ಸೋರಿ ಚಟಚಟ ಸದ್ದು ಬರುತ್ತದೆ.

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಆರಂಭವಾದಾಗ ಬಳಕೆಗೆ ಬಂದದ್ದು ವೆಂಟ್‌ನ ಮೈಕೇ. ಈ ಮೈಕಿನ ದೊಡ್ಡ ಗುಣ ಸೂಕ್ಷ್ಮತೆ. ಪಿಸುಮಾತು, ವೀಣೆಯ ಗಮಕದ ಕೊನೆಯ ಎಳೆ, ಗಾಯಕಿ ಉಸಿರೆಳೆಯುವ ಸದ್ದು ಎಲ್ಲವೂ ಅದಕ್ಕೆ ದಕ್ಕುತ್ತವೆ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 'ಆಕಾಶವಾಣಿ' ಆರಂಭಿಸಿದರು. ರೇಡಿಯೋದ ಕೋಣೆಗಳು ಇಂಥ ಮೆಲುದನಿಗೇ ಒಗ್ಗಿದವು. ಅಲ್ಲಿ ತಮಟೆಗೆ ಜಾಗವಿರಲಿಲ್ಲವೆಂದರೆ ಅದಕ್ಕೆ ಜಾತಿ ಒಂದು ಕಾರಣ, ನಾಲ್ಕು ಗೋಡೆ ಇನ್ನೊಂದು ಕಾರಣ. ಬಯಲಿಗೆಂದು ಹುಟ್ಟಿದ ದನಿಯನ್ನು ಕೋಣೆಯೊಳಗೆ ಬಡಿದರೆ ಗೋಡೆಗಳೇ ತಿರುಗಿ ಬಡಿಯುತ್ತವೆ.

ತಮಟೆ ಕಂಡೆನ್ಸರ್ ಮೈಕಿನ ಮುಂದೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಕ್ಯಾಸೆಟ್ಟಿನ ಕಾಲದಲ್ಲಿ. 1962ರಲ್ಲಿ ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಆವೇಶವನ್ನು ತಾನೇ ಉಳಿಸಿಕೊಳ್ಳುವ ಪೊರೆಯ ಎಲೆಕ್ಟ್ರೆಟ್ ಮೈಕನ್ನು ರೂಪಿಸಿದರು. ಅದು ಅಗ್ಗವಾಗಿ ಟೇಪ್‌ರೆಕಾರ್ಡರಿನ ಮೂಲೆಯಲ್ಲಿ ಸಣ್ಣ ತೂತಾಗಿ ಕೂತಿತು. ಜಾನಪದ ಸಂಗ್ರಾಹಕರು ಹೆಗಲಿಗೇರಿಸಿಕೊಂಡು ಹಳ್ಳಿ ಸುತ್ತಿದ್ದು ಇಂಥ ಪೆಟ್ಟಿಗೆಗಳನ್ನು. ಅವರ ಶ್ರಮ ದೊಡ್ಡದು. ಪೆಟ್ಟಿಗೆಯ ಬುದ್ಧಿ ಸಣ್ಣದು. ದನಿಯ ಮಟ್ಟವನ್ನು ತಾನಾಗಿಯೇ ಸರಿಹೊಂದಿಸುವ ವ್ಯವಸ್ಥೆ ಅದರಲ್ಲಿತ್ತು. ಮಾತಿಗೆ ಅದು ಅನುಕೂಲ. ಆದರೆ ತಮಟೆಯ ಒಂದು ಏಟು ಬಿದ್ದೊಡನೆ ಯಂತ್ರ ಬೆಚ್ಚಿ ಮಟ್ಟವನ್ನು ಇಳಿಸುತ್ತದೆ, ಮತ್ತೆ ಮೆಲ್ಲಗೆ ಏರಿಸುತ್ತದೆ. ಅಷ್ಟರಲ್ಲಿ ಮುಂದಿನ ಏಟು. ಹೀಗಾಗಿ ದೊಡ್ಡ ಏಟೂ ಸಣ್ಣ ಏಟೂ ಒಂದೇ ಸಮನಾಗಿ, ನಡುವಿನ ಹಾಡಿನ ಸಾಲು ಮುಳುಗಿ ಮುಳುಗಿ ಏಳುತ್ತದೆ. ಎಡಗೈ ಕಡ್ಡಿಯ ಸಣ್ಣ ಕೆಲಸವೆಲ್ಲ ಇದರಲ್ಲಿ ಕಳೆದುಹೋಯಿತು. ಜನಪದ ತಾಳದಲ್ಲಿ ವೈವಿಧ್ಯವಿಲ್ಲ ಎಂಬ ಉಡಾಫೆಯ ಮಾತಿಗೆ ಇಂಥ ಕ್ಯಾಸೆಟ್ಟುಗಳೂ ಸ್ವಲ್ಪ ಹೊಣೆ. ಸ್ಟುಡಿಯೋಗಳವರು ಇನ್ನೂ ಸುಲಭದ ದಾರಿ ಹಿಡಿದರು. 1985ರಲ್ಲಿ ಆಕ್ಟೋಪ್ಯಾಡ್ ಬಂದ ಮೇಲೆ ಗುಂಡಿ ಒತ್ತಿ ಆರಿಸಿದ ರಬ್ಬರಿನ ಹಲಗೆಯೇ ವಾದ್ಯಗೋಷ್ಠಿಯ ತಮಟೆಯಾಯಿತು.

ಹಾಗಾದರೆ ತಮಟೆಗೆ ತಕ್ಕ ಕಂಡೆನ್ಸರ್ ಯಾವುದು? ಮೊದಲು ನೋಡಬೇಕಾದದ್ದು ಹೆಸರನ್ನಲ್ಲ, ಬೆಲೆಯನ್ನೂ ಅಲ್ಲ. ಅದು ತಾಳಿಕೊಳ್ಳುವ ಗರಿಷ್ಠ ಶಬ್ದದ ಮಟ್ಟವನ್ನು. ಮೈಕಿನ ಜೊತೆ ಬರುವ ಹಾಳೆಯಲ್ಲಿ ಇದನ್ನು ಡೆಸಿಬೆಲ್ ಲೆಕ್ಕದಲ್ಲಿ ನಮೂದಿಸಿರುತ್ತಾರೆ. ಚರ್ಮವಾದ್ಯದ ಮೈಗೆ ಹತ್ತಿರ ಹಿಡಿದಾಗ ಏಟಿನ ತುದಿ 120 ಡೆಸಿಬೆಲ್ ದಾಟುವುದು ಸಾಮಾನ್ಯ. ಗಾಯಕರ ಅಚ್ಚುಮೆಚ್ಚಿನ, 1967ರಿಂದ ಹೆಸರಾದ ನ್ಯೂಮನ್ ಯು-87 ತಾಳುವುದು 117. ದನಿ ತಗ್ಗಿಸುವ ಗುಂಡಿ ಒತ್ತಿದರೆ 127. ಅದೇ ಕಂಪನಿಯ ಪೆನ್ನಿನಂಥ ಸಣ್ಣ ಮೈಕು ಕೆಎಂ-184 ತಾಳುವುದು 138. ದುಬಾರಿಯದು ಇಲ್ಲಿ ಸೋಲುತ್ತದೆ. ಸಣ್ಣ ಪೊರೆ ಹಗುರವಾದ್ದರಿಂದ ಏಟಿನ ಮೊನೆಯನ್ನು ಚುರುಕಾಗಿ ಹಿಂಬಾಲಿಸುತ್ತದೆ. ಪಕ್ಕದಿಂದ ಬಂದ ದನಿಯ ಬಣ್ಣವನ್ನೂ ಹೆಚ್ಚು ಕೆಡಿಸುವುದಿಲ್ಲ. ಹತ್ತು ಜನ ವೃತ್ತದಲ್ಲಿ ಕುಣಿಯುತ್ತಾ ಬಾರಿಸುವ ತಂಡಕ್ಕೆ ಈ ಎರಡನೆಯ ಗುಣ ಮುಖ್ಯ. ದನಿ ತಗ್ಗಿಸುವ ಗುಂಡಿ ಇರಬೇಕು, ಗಾಳಿ ತಡೆಯುವ ತುಪ್ಪಳದ ಹೊದಿಕೆ ಇರಬೇಕು. ಮಿಕ್ಸರಿನಿಂದ 48 ವೋಲ್ಟ್ ಹರಿಸದೆ ಇಂಥ ಮೈಕುಗಳು ಉಸಿರೆತ್ತುವುದಿಲ್ಲ ಎಂಬುದು ಬಯಲಲ್ಲಿ ಎಷ್ಟೋ ಸಲ ಕೊನೆಯ ಗಳಿಗೆಯಲ್ಲಿ ನೆನಪಾಗುತ್ತದೆ.

ಮೈಕಿಗಿಂತ ಹೆಚ್ಚು ನಿರ್ಧರಿಸುವುದು ಅಂತರ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಒಂದು ಅಡಿಯಿಂದ ಎಂಟು ಅಡಿಗೆ ಸರಿದರೆ 18 ಡೆಸಿಬೆಲ್ ಕಡಿಮೆ. ಸಾಧಾರಣ ಮೈಕೂ ಆಗ ಬದುಕಿಕೊಳ್ಳುತ್ತದೆ. ದೂರದಿಂದ ಕೇಳಬೇಕೆಂದು ಕಟ್ಟಿದ ವಾದ್ಯಕ್ಕೆ ಆ ಅಂತರವೇ ಸಹಜ. ಚರ್ಮಕ್ಕೆ ಒತ್ತಿ ಹಿಡಿದ ಮೈಕಿಗೆ ಕೋಲಿನ ಟಪ್ ಎಂಬ ಸದ್ದು ಸಿಗುತ್ತದೆ. ತಮಟೆಯ ಕೂಗು ಸಿಗುವುದು ಏಳೆಂಟು ಅಡಿ ಆಚೆ, ತಲೆಯೆತ್ತರಕ್ಕಿಂತ ಸ್ವಲ್ಪ ಮೇಲೆ ಇಟ್ಟ ಒಂದು ಜೊತೆ ಮೈಕುಗಳಿಗೆ.

ವೇದಿಕೆಯ ಮಾತು ಬೇರೆ. ಅಲ್ಲಿ ಕಂಡೆನ್ಸರಿನ ಸೂಕ್ಷ್ಮತೆಯೇ ಶತ್ರು. ಧ್ವನಿವರ್ಧಕದಿಂದ ಹೊರಟ ದನಿ ಮತ್ತೆ ಅದೇ ಮೈಕಿಗೆ ಬಿದ್ದು ಕಿವಿ ಸೀಳುವ ಕೀರಲು ಏಳುತ್ತದೆ. ಆದ್ದರಿಂದ ವೇದಿಕೆಯಲ್ಲಿ ಅನುಭವಸ್ಥರು ಸುರುಳಿಯಿರುವ ಡೈನಾಮಿಕ್ ಮೈಕನ್ನೇ ನೆಚ್ಚುತ್ತಾರೆ. 1965ರಲ್ಲಿ ಬಂದ ಶ್ಯೂರ್ ಎಸ್ಎಂ-57 ಇಂದಿಗೂ ಚರ್ಮವಾದ್ಯದ ಮುಂದೆ ನಿಲ್ಲುತ್ತಿದೆ. ನಿಜ ಹೇಳಬೇಕೆಂದರೆ ಸಾವಿರ ಜನರ ಮುಂದೆ ತಮಟೆಗೆ ಯಾವ ಮೈಕೂ ಬೇಡ. ಮೈಕು ಬೇಕಾದದ್ದು ಪಕ್ಕದಲ್ಲಿ ಹಾಡುವವರಿಗೆ. ಆದರೂ ಸಮಾರಂಭಗಳಲ್ಲಿ ತಮಟೆಯ ಮುಂದೊಂದು ಮೈಕು ನೆಟ್ಟು ಹಾಡುಗಾರರ ದನಿ ಮುಚ್ಚಿಸುವುದು ನಡೆದೇ ಇದೆ.

ಇಂದು ಜಾತ್ರೆಯಲ್ಲಿ ಪ್ರತಿ ಕೈಯಲ್ಲೂ ಕಂಡೆನ್ಸರ್ ಮೈಕಿದೆ. ಮೊಬೈಲಿನೊಳಗಿನ ಸಿಲಿಕಾನ್ ಚೂರಿನ ಮೈಕು ವೆಂಟ್‌ನ ತತ್ವದ್ದೇ. ಅದರ ಸಹನೆ ಸಾಮಾನ್ಯವಾಗಿ 120 ಡೆಸಿಬೆಲ್ ಆಸುಪಾಸು. ಜೊತೆಗೆ ಗದ್ದಲ ಕಳೆಯುವ ತಂತ್ರಾಂಶಕ್ಕೆ ಮಾತಷ್ಟೇ ದನಿ. ತಮಟೆ ಅದರ ಲೆಕ್ಕದಲ್ಲಿ ಗದ್ದಲ. ಆ ಸೌಲಭ್ಯವನ್ನು ಆರಿಸಿ ಹತ್ತು ಹೆಜ್ಜೆ ಹಿಂದೆ ನಿಂತರೆ ಫೋನಿನಲ್ಲೂ ಒಪ್ಪುವಂಥ ಮುದ್ರಣ ಸಾಧ್ಯ.

ತಂಡವನ್ನು ಧ್ವನಿಮುದ್ರಿಸಲು ಬರುವ ತಂತ್ರಜ್ಞರು ಸಾಮಾನ್ಯವಾಗಿ ಬಂದ ಕೂಡಲೇ ಒಂದೆರಡು ಏಟು ಹೊಡೆಸಿ ಮಟ್ಟ ಕಟ್ಟುತ್ತಾರೆ. ಆಗ ತಮಟೆ ತಣ್ಣಗಿರುತ್ತದೆ. ಅರ್ಧ ಗಂಟೆಯ ಮೇಲೆ ಬೆಂಕಿಗೆ ಕಾಯಿಸಿ ತಂದಾಗ ಅದರ ಶ್ರುತಿಯೂ ಜೋರೂ ಏರಿ ಮೊದಲಿನ ಮಟ್ಟವೆಲ್ಲ ಒಡೆದುಹೋಗುತ್ತದೆ. ಹಾಡುಗಳ ನಡುವೆ ಮತ್ತೆ ಕಾಯಿಸುವುದರಿಂದ ಒಂದು ಸಲದ ಮುದ್ರಣವನ್ನು ಇನ್ನೊಂದಕ್ಕೆ ಕತ್ತರಿಸಿ ಜೋಡಿಸಲೂ ಆಗುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ತಮಟೆಗೆ ಈ ರಗಳೆಯಿಲ್ಲ, ಆ ದನಿಯೂ ಇಲ್ಲ. ಚರ್ಮದ್ದೇ ಆದರೆ ಮೊದಲು ಬೆಂಕಿ, ಆಮೇಲೆ ಮೈಕು. ಬೆಂಕಿಯ ಹೊಗೆ ಮೈಕಿನ ಪೊರೆಗೆ ತಾಗದಂತೆ ಗಾಳಿ ಬೀಸುವ ದಿಕ್ಕು ನೋಡಿಕೊಂಡು ನಿಲ್ಲಿಸಬೇಕು.