ಸೇತುವೆ ಕಟ್ಟಿದ ತಾತ

ನನ್ನ ತಾಯಿಯ ತಂದೆ ತೀರಿಕೊಂಡುದು 1998ರಲ್ಲಿ. ಬೀದಿಯವರೆಲ್ಲ ಅವರನ್ನು ‘ಮಿಲಿಟರಿ ತಾತ’ ಎಂದೇ ಕರೆಯುತ್ತಿದ್ದರು. ಆದರೆ ಅವರ ಕೈಯಲ್ಲಿ ನಾವು ಕಂಡುದು ಕೋವಿಯನ್ನಲ್ಲ. ಉಳಿ, ಸುತ್ತಿಗೆ, ಸ್ಪ್ಯಾನರುಗಳನ್ನು. ಬಾವಿಯ ರಾಟೆಯಾಗಲಿ, ಅಜ್ಜಿಯ ಹೊಲಿಗೆಯಂತ್ರವಾಗಲಿ, ನೆರೆಮನೆಯ ರೇಡಿಯೋ ಆಗಲಿ, ಕೆಟ್ಟದ್ದೆಲ್ಲ ಅವರ ಜಗಲಿಗೆ ಬರುತ್ತಿತ್ತು, ಸರಿಯಾಗಿ ಹಿಂದಿರುಗುತ್ತಿತ್ತು. ಕೂಲಿ, ಒಂದು ಲೋಟ ಕಾಫಿ.

ತಾತ ಮದ್ರಾಸ್ ಸ್ಯಾಪರ್ಸ್ ದಳದವರು. 1780ರಲ್ಲಿ ಹುಟ್ಟಿದ ಈ ದಳದ ನೆಲೆ ಬೆಂಗಳೂರಿನ ಹಲಸೂರು ಕೆರೆಯ ಬಳಿ. ಸೈನ್ಯಕ್ಕೆ ದಾರಿ ಮಾಡಿಕೊಡುವುದು, ನೆಲಬಾಂಬು ತೆಗೆಯುವುದು, ಸೇತುವೆ ಕಟ್ಟುವುದು, ಬೇಕೆಂದಾಗ ಉರುಳಿಸುವುದು ಇವರ ಕಸುಬು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದ ಸುಮಾರು 25 ಲಕ್ಷ ಭಾರತೀಯರಲ್ಲಿ ತಾತನೂ ಒಬ್ಬರು. ಅವರನ್ನು ಕಳುಹಿಸಿದುದು ಇಟಲಿಗೆ.

ಹುಡುಗನಾಗಿದ್ದಾಗ ಒಮ್ಮೆ, “ಎಷ್ಟು ಜನರನ್ನು ಕೊಂದಿರಿ?” ಎಂದು ಕೇಳಿಬಿಟ್ಟೆ. “ಸೇತುವೆ ಕಟ್ಟಿದೆವು, ಮಗು” ಎಂದಷ್ಟೇ ಹೇಳಿ ಕೆಲಸಕ್ಕೆ ಬಾಗಿದರು. ಗೆಳೆಯರ ಮುಂದೆ ಹೇಳಿಕೊಳ್ಳಲು ಏನೂ ಸಿಕ್ಕಲಿಲ್ಲವಲ್ಲಾ ಎಂದು ನನಗೆ ಬೇಸರವಾಯಿತು.

ಅಧ್ಯಾಪಕನಾದ ಮೇಲೆ ಆ ಯುದ್ಧದ ಚರಿತ್ರೆಯನ್ನು ಓದಿದೆ. ಬೈಲಿ ಸೇತುವೆಯೆಂದರೆ 10 ಅಡಿ ಉದ್ದದ ಉಕ್ಕಿನ ಚೌಕಟ್ಟುಗಳ ಜೋಡಣೆ. ಒಂದೊಂದನ್ನು ಆರು ಜನ ಹೊತ್ತು ತರಬೇಕು. ಒಂದಕ್ಕೊಂದು ಕೂಡಿಸಿ ಉಕ್ಕಿನ ಗೂಟ ಹೊಡೆಯಬೇಕು. 1944ರ ಮೇ ತಿಂಗಳಲ್ಲಿ ಕಸ್ಸಿನೋ ಬಳಿಯ ಗಾರಿ ನದಿಗೆ 8ನೆಯ ಭಾರತೀಯ ಡಿವಿಷನ್ನಿನ ಇಂಜಿನಿಯರುಗಳು ಶತ್ರುವಿನ ಗುಂಡಿನ ನಡುವೆಯೇ ಇಂಥ ಸೇತುವೆ ಹಾಕಿದರು. ಅದೇ ವರ್ಷದ ಫೆಬ್ರವರಿ 24ರಂದು, ಮಿನ್ಯಾನೋ ಎಂಬಲ್ಲಿ, ತಾತನ ದಳದವರೇ ಆದ ಸುಬೇದಾರ್ ಸುಬ್ರಮಣ್ಯನ್, ಸಂಗಡಿಗರನ್ನು ಉಳಿಸಲು ಸಿಡಿಯಲಿದ್ದ ನೆಲಬಾಂಬಿನ ಮೇಲೆ ಬಿದ್ದು ಪ್ರಾಣಕೊಟ್ಟರು. ಮರಣಾನಂತರ ಅವರಿಗೆ ಜಾರ್ಜ್ ಕ್ರಾಸ್ ಪದಕ ಬಂದಿತು.

ಇದನ್ನು ಓದಿದ ದಿನ ಒಂದು ಸಂಗತಿ ನೆನಪಾಯಿತು. ಹೊಲಕ್ಕೆ ಹೋಗುವಾಗ ತಾತ ಯಾವಾಗಲೂ ಮುಂದೆ ನಡೆಯುತ್ತಿದ್ದರು. “ನನ್ನ ಹೆಜ್ಜೆಯ ಮೇಲೇ ಹೆಜ್ಜೆ ಇಡಿ” ಎಂದು ಮೊಮ್ಮಕ್ಕಳಿಗೆ ಕಟ್ಟಪ್ಪಣೆ. ಹಾವಿನ ಭಯವೆಂದು ನಾವು ತಿಳಿದಿದ್ದೆವು. ಇಟಲಿಯಿಂದ ಬಂದು ಐವತ್ತು ವರ್ಷವಾದರೂ ಅವರ ಕಾಲು ನೆಲವನ್ನು ನಂಬಿರಲಿಲ್ಲವೇನೋ!

ಅವರ ಹತ್ಯಾರುಗಳ ಪೆಟ್ಟಿಗೆ ಈಗ ನಮ್ಮ ಮನೆಯಲ್ಲಿದೆ. ಅದನ್ನು ತೆರೆದಾಗಲೆಲ್ಲ ನಾಚಿಕೆಯಾಗುತ್ತದೆ. ಎಷ್ಟು ಜನರನ್ನು ಕೊಂದಿರಿ ಎಂದು ಕೇಳಿದವನು ನಾನು. ಜೊತೆಯವರಲ್ಲಿ ಎಷ್ಟು ಜನ ಹಿಂದಿರುಗಿದರು ಎಂದು ಕೇಳಲೇ ಇಲ್ಲ.