ಶೆಟ್ಲೆಂಡ್ ಕೌಂಟಿ: ಜನಗಣತಿಯೂ ಸಾಲದ ಖಾತೆಯೂ

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ, ಅಟ್ಲಾಂಟಿಕ್ ಮತ್ತು ಉತ್ತರ ಸಮುದ್ರಗಳ ನಡುವೆ ಹರಡಿಕೊಂಡಿರುವ ಶೆಟ್ಲೆಂಡ್ ದ್ವೀಪಗಳು 1975ರವರೆಗೆ ಒಂದು ಪ್ರತ್ಯೇಕ ಕೌಂಟಿ. 1801ರ ಮೊದಲ ಜನಗಣತಿಯಲ್ಲಿ ಇಲ್ಲಿದ್ದವರು ಸುಮಾರು 22,000 ಮಂದಿ, 1861ರಲ್ಲಿ 31,670. ಅಷ್ಟು ಜನ ಅಲ್ಲಿ ಮತ್ತೆಂದೂ ಇರಲಿಲ್ಲ. ನೂರು ವರ್ಷಗಳ ನಂತರ, 1961ರಲ್ಲಿ, ಉಳಿದದ್ದು 18,000ಕ್ಕೂ ಕಡಿಮೆ. ಏರಿದ್ದನ್ನು ಏಳಿಗೆಯೆಂದೂ ಇಳಿದದ್ದನ್ನು ಅವನತಿಯೆಂದೂ ಓದುವುದು ರೂಢಿ. ಶೆಟ್ಲೆಂಡಿನ ಮಟ್ಟಿಗೆ ಈ ಓದು ಸಲ್ಲುವುದಿಲ್ಲ ಎಂಬುದು ನನ್ನ ವಾದ. ಅಲ್ಲಿ ಜನ ಹೆಚ್ಚಿದ್ದು ಜಮೀನುದಾರರ ಮೀನು ವ್ಯಾಪಾರಕ್ಕೆ ದುಡಿಯುವ ಕೈಗಳು ಬೇಕಾಗಿದ್ದರಿಂದ. ಅವರ ಬದುಕು ಹೇಗಿತ್ತೆಂದು ತಿಳಿಯಬೇಕಾದರೆ ತಲೆಯೆಣಿಕೆ ಸಾಲದು. ದುಡಿಮೆಗೆ ಬೆಲೆ ಕಟ್ಟುತ್ತಿದ್ದವರು ಯಾರು, ಯಾವಾಗ ಕಟ್ಟುತ್ತಿದ್ದರು ಎಂದು ಕೇಳಬೇಕು.

ಹದಿನೇಳನೆಯ ಶತಮಾನದವರೆಗೂ ಇಲ್ಲಿನ ಒಣಮೀನನ್ನು ಕೊಳ್ಳುತ್ತಿದ್ದವರು ಬ್ರೆಮೆನ್ ಮತ್ತು ಹ್ಯಾಂಬರ್ಗ್‌ನ ವರ್ತಕರು. 1707ರಲ್ಲಿ ಇಂಗ್ಲೆಂಡ್–ಸ್ಕಾಟ್ಲೆಂಡ್ ಒಂದಾದ ಮೇಲೆ ಉಪ್ಪಿನ ಸುಂಕ ಹೆಚ್ಚಿ ಅವರು ಹಿಂದೆ ಸರಿದರು. ತೆರವಾದ ಜಾಗಕ್ಕೆ ಸ್ಥಳೀಯ ಜಮೀನುದಾರರೇ ಬಂದರು. ಬಡ ನೆಲದಿಂದ ಬರುವ ಗೇಣಿ ಅಲ್ಪ, ಮೀನಿನ ಲಾಭ ದೊಡ್ಡದು. ಹಾಗಾಗಿ ಗೇಣಿಯ ಜೊತೆ ಒಂದು ಷರತ್ತು ಸೇರಿತು: ಒಕ್ಕಲು ಹಿಡಿದ ಮೀನೆಲ್ಲ ಒಡೆಯನಿಗೇ ಸಲ್ಲಬೇಕು. ಗಂಡಸರು ಹೆಚ್ಚಿದಷ್ಟೂ ದೋಣಿಗಳು ಹೆಚ್ಚು. ಇದ್ದ ಹಿಡುವಳಿಗಳನ್ನು ತುಂಡರಿಸಿ, ಗೋಮಾಳದ ಅಂಚಿನಲ್ಲಿ ಹೊಸ ತುಂಡುಗಳನ್ನು ಕಡಿದು ಕೊಟ್ಟರು. ಆ ತುಂಡಿನ ಬೆಳೆ ವರ್ಷವಿಡೀ ಸಂಸಾರ ಸಾಕಲು ಸಾಲದು. ಸಾಲದಿದ್ದುದರಿಂದಲೇ ಗಂಡಸರು ಕಡಲಿಗೆ ಇಳಿಯಬೇಕಾಯಿತು. ಮೇ ತಿಂಗಳಿಂದ ಆಗಸ್ಟ್‌ವರೆಗೆ, ಮೇಲೆ ಮುಚ್ಚಿಗೆಯಿಲ್ಲದ ಆರು ಹುಟ್ಟಿನ ದೋಣಿಗಳಲ್ಲಿ ಮೂವತ್ತು ನಲವತ್ತು ಮೈಲಿ ದೂರ ಹೋಗಿ, ನೂರಾರು ಗಾಳ ಕಟ್ಟಿದ ಉದ್ದುದ್ದ ಹಗ್ಗಗಳನ್ನು ಇಳಿಬಿಟ್ಟು ಲಿಂಗ್ ಮೀನು ಹಿಡಿಯುತ್ತಿದ್ದರು. 1832ರ ಜುಲೈ ಬಿರುಗಾಳಿಯಲ್ಲಿ 105 ಮಂದಿ ಸತ್ತರು. 1881ರ ಜುಲೈನಲ್ಲಿ 58 ಮಂದಿ.

ಈ ವ್ಯವಸ್ಥೆಯ ಒಳಗನ್ನು ತೋರಿಸುವ ಬಹುಮುಖ್ಯ ದಾಖಲೆ 1872ರದು. ಕೂಲಿಯನ್ನು ಹಣದ ಬದಲು ಸಾಮಾನಿನಲ್ಲಿ ಕೊಡುವ ಪದ್ಧತಿಯ ವಿಚಾರಣೆಗೆಂದು ಸರ್ಕಾರ ಕಳಿಸಿದ ಕಮಿಷನರ್ ವಿಲಿಯಂ ಗುತ್ರೀ ಆ ವರ್ಷ ಮೀನುಗಾರರನ್ನು, ವರ್ತಕರನ್ನು, ಹೆಣಿಗೆಯ ಹೆಂಗಸರನ್ನು ಕೂರಿಸಿ ಪ್ರಶ್ನೋತ್ತರ ದಾಖಲಿಸಿದ. ಮೀನು ಒಪ್ಪಿಸುವಾಗ ಅದರ ಬೆಲೆ ಏನೆಂದು ಹಿಡಿದವನಿಗೆ ಗೊತ್ತಿರುತ್ತಿರಲಿಲ್ಲ. ಹಂಗಾಮು ಮುಗಿದು ಲೆಕ್ಕ ಚುಕ್ತಾ ಮಾಡುವ ದಿನ ವರ್ತಕನೇ ಅದನ್ನು ಹೇಳುತ್ತಿದ್ದ. ಅಷ್ಟರಲ್ಲಿ ಹಿಟ್ಟು, ಹಗ್ಗ, ಬಟ್ಟೆ ಎಲ್ಲವೂ ಅವನದೇ ಅಂಗಡಿಯಿಂದ ಉದ್ದರಿ ಬಂದಿರುತ್ತಿತ್ತು. ಹೆಂಗಸರ ಪಾಡು ಇನ್ನೂ ಬಿಗಿ. ವಾರಗಟ್ಟಲೆ ಹೆಣೆದ ಶಾಲಿಗೆ ಅಂಗಡಿ ಕೊಡುತ್ತಿದ್ದುದು ಚಹಾಪುಡಿ, ಹತ್ತಿಬಟ್ಟೆ, ಹಣವಲ್ಲ. ಮನೆಗೆ ಹಿಟ್ಟು ಬೇಕಿದ್ದರೆ ಆ ಚಹಾವನ್ನೋ ಬಟ್ಟೆಯನ್ನೋ ಇನ್ನೊಬ್ಬರಿಗೆ ಕಡಿಮೆ ಬೆಲೆಗೆ ದಾಟಿಸಿ ಹಿಟ್ಟು ತರಬೇಕು. ಒಂದೇ ಶಾಲಿನಲ್ಲಿ ಅವಳು ಎರಡು ಬಾರಿ ನಷ್ಟಪಡುತ್ತಿದ್ದಳು. 1861ರ ಗಣತಿಯಲ್ಲಿ ಎಣಿಕೆಗೆ ಸಿಕ್ಕವರಲ್ಲಿ ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚಿದ್ದರು ಎಂಬುದನ್ನು ನೆನೆದರೆ, ಈ ಸಾಕ್ಷ್ಯವನ್ನು ಮೀನಿನ ಕತೆಯ ಬಾಲವಾಗಿ ಓದುವುದು ತಪ್ಪು. ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳ ಶೆಟ್ಲೆಂಡನ್ನು ಹೆಂಗಸರ ಲೋಕವೆಂದೇ ಕಂಡು ಬರೆದ ಇತಿಹಾಸಕಾರ್ತಿ ಲಿನ್ ಅಬ್ರಮ್ಸ್ ಇದನ್ನು ಸರಿಯಾಗಿ ಹಿಡಿದಿದ್ದಾರೆ.

ಇದಕ್ಕೆ ಮೂರು ಆಕ್ಷೇಪಗಳಿವೆ. ಮೊದಲನೆಯದು, ಜನ ಹೆಚ್ಚಿದ್ದು ಸಿಡುಬು ತಗ್ಗಿದ್ದರಿಂದ ಎನ್ನುವುದು. ಹದಿನೆಂಟನೆಯ ಶತಮಾನದ ಕೊನೆಗೆ, ಓದುಬರಹ ಹೆಚ್ಚಿಲ್ಲದ ಜಾನ್ ವಿಲಿಯಮ್‌ಸನ್ ತನ್ನದೇ ವಿಧಾನದಲ್ಲಿ ಇಲ್ಲಿನ ಜನರಿಗೆ ಸಿಡುಬಿನ ಚುಚ್ಚು ಹಾಕಿದ್ದು ನಿಜ, ಅದು ಅಸಾಮಾನ್ಯ ಸಾಧನೆಯೂ ಹೌದು. ಆದರೆ ಬದುಕುಳಿದ ಮಕ್ಕಳು ದೊಡ್ಡವರಾಗಿ ಊರಲ್ಲೇ ಸಂಸಾರ ಹೂಡಲು ಒಂದು ತುಂಡು ನೆಲ ಬೇಕಲ್ಲ. ಅದನ್ನು ಕೊಟ್ಟದ್ದು ಮೀನಿನ ಷರತ್ತು. ಎರಡನೆಯದು ಜಮೀನುದಾರರದೇ ಸಮರ್ಥನೆ: ಬೆಳೆ ಕೆಟ್ಟ ವರ್ಷ ಒಕ್ಕಲುಗಳನ್ನು ಸಾಕಿದ್ದು ನಾವು ಎಂಬುದು. ಉದ್ದರಿ ಕೊಟ್ಟದ್ದು ಸುಳ್ಳಲ್ಲ. ಆದರೆ ಆಲೂಗಡ್ಡೆಗೆ ರೋಗ ತಗುಲಿದ 1840ರ ದಶಕದಲ್ಲಿ ಆ ಸಾಕಣೆ ಸಾಲದೆ, 1849ರಿಂದ ಪರಿಹಾರ ಮಂಡಳಿಯೇ ಬಂದು ರಸ್ತೆ ಕಡಿಸಿ ಕೂಲಿಯಾಗಿ ಹಿಟ್ಟು ಅಳೆದುಕೊಡಬೇಕಾಯಿತು. ದ್ವೀಪದಲ್ಲಿ ನಾಣ್ಯವೇ ಇರಲಿಲ್ಲ, ಬೇರೆ ದಾರಿಯಿರಲಿಲ್ಲ ಎಂಬ ಮೂರನೆಯ ಮಾತಿಗೆ ಆರ್ಥರ್ ಆಂಡರ್ಸನ್ ಉತ್ತರ. ಭಾರತಕ್ಕೆ ಅಂಚೆ ಹಡಗು ಓಡಿಸಿದ ಪಿ ಅಂಡ್ ಓ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಈತ ಶೆಟ್ಲೆಂಡಿನವನು. 1837ರಲ್ಲಿ ವೈಲಾ ದ್ವೀಪದಲ್ಲಿ, ಮೀನುಗಾರರನ್ನು ಜಮೀನುದಾರರ ಹಿಡಿತದಿಂದ ಬಿಡಿಸಲೆಂದೇ ಮೀನುಗಾರಿಕೆ ಕಂಪನಿ ತೆರೆದ. ಅದು ಬಹುಕಾಲ ನಡೆಯಲಿಲ್ಲ. ಆದರೂ ಬೇರೆ ದಾರಿಯನ್ನು ಯೋಚಿಸಿ ಹಿಡಿದವರು ಆಗಲೇ ಇದ್ದರು.

ಇನ್ನು ಇಳಿಕೆಯ ಪ್ರಶ್ನೆ. 1886ರ ಕಾಯಿದೆ ಸಣ್ಣ ಹಿಡುವಳಿದಾರರಿಗೆ ಒಕ್ಕಲೆಬ್ಬಿಸದಂತೆ ರಕ್ಷಣೆ ಕೊಟ್ಟಿತು, ನ್ಯಾಯವಾದ ಗೇಣಿ ಗೊತ್ತುಮಾಡಿತು. ಆಮೇಲೂ ಜನ ಹೊರಟರಲ್ಲ ಎಂದು ಕೇಳಬಹುದು. ನೂರು ವರ್ಷವನ್ನು ಇಬ್ಭಾಗ ಮಾಡಿ ನೋಡಿದರೆ ಉತ್ತರ ಹೊಳೆಯುತ್ತದೆ. 1861ರಿಂದ 1911ರವರೆಗೆ ಕಡಿಮೆಯಾದವರು ಸುಮಾರು 3,800. ನಂತರದ ಐವತ್ತು ವರ್ಷಗಳಲ್ಲಿ ಸುಮಾರು 10,000. ಹಿಡುವಳಿ ಭದ್ರವಾಗಿ, ಹೆರಿಂಗ್ ಮೀನಿನ ಭರಾಟೆಯಲ್ಲಿ ನಗದು ಕೂಲಿ ಸಿಕ್ಕ ಕಾಲದಲ್ಲಿ ಇಳಿಕೆ ನಿಧಾನ. ಮೊದಲ ಮಹಾಯುದ್ಧದ ನಂತರ ರಷ್ಯಾ, ಜರ್ಮನಿಯ ಮಾರುಕಟ್ಟೆ ಕುಸಿದಾಗ ಮಾತ್ರ ಅದು ತೀವ್ರವಾಯಿತು. ಈ ಎರಡನ್ನೂ ಒಂದೇ ಗೆರೆಯಾಗಿ ಎಳೆಯುವುದು ಅಂಕಿಗಳಿಗೆ ಮಾಡುವ ಅನ್ಯಾಯ.

1971ರಲ್ಲಿ ದ್ವೀಪಗಳ ಈಶಾನ್ಯಕ್ಕೆ ಕಡಲ ತಳದಲ್ಲಿ ಬ್ರೆಂಟ್ ತೈಲ ನಿಕ್ಷೇಪ ಸಿಕ್ಕಿತು. ಈ ಬಾರಿ ಕೌಂಟಿ ಕೌನ್ಸಿಲು ಲೆಕ್ಕ ಚುಕ್ತಾ ಆಗುವ ದಿನಕ್ಕಾಗಿ ಕಾಯಲಿಲ್ಲ. ಸಂಸತ್ತಿನಿಂದ 1974ರಲ್ಲಿ ತನ್ನದೇ ಕಾಯಿದೆ ಪಡೆದು, ಸಲ್ಲಮ್ ವೋ ಕೊಲ್ಲಿಯ ಬಂದರಿನ ಅಧಿಕಾರ ತನ್ನ ಕೈಯಲ್ಲಿಟ್ಟುಕೊಂಡು, ತೈಲ ಕಂಪನಿಗಳೊಡನೆ ಮೊದಲೇ ಕರಾರು ಮಾಡಿಕೊಂಡಿತು. 1978ರಲ್ಲಿ ತೈಲ ಹರಿಯಿತು. ಆ ಹಣದಿಂದ ಬೆಳೆದ ದತ್ತಿನಿಧಿ ವೃದ್ಧರ ಆರೈಕೆ ಮನೆಗಳಿಗೂ ಈಜುಕೊಳಗಳಿಗೂ ಒದಗಿತು. ಜನಸಂಖ್ಯೆ ಮತ್ತೆ 22,000 ದಾಟಿತು. ಅಂದರೆ ಹೆಚ್ಚುಕಡಿಮೆ 1801ರ ಸಂಖ್ಯೆಯೇ. ಆದರೆ ಈ ಸಲ ಬೆಲೆ ಕಟ್ಟುವ ಮೇಜಿನ ಮುಂದೆ ದ್ವೀಪದವರೂ ಕೂತಿದ್ದರು.