ಹೊರೆ ಹೊತ್ತವರ ಯುದ್ಧ

1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನಿಗೆ ಗುಂಡು ಬಿತ್ತು, ಮೊದಲ ಮಹಾಯುದ್ಧ ಹತ್ತಿಕೊಂಡಿತು ಅಂತ ಉರು ಹೊಡೆದವರು ನಾವು. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಆದರೆ ಕಡ್ಡಿ ಗೀರಿದವನ ಹೆಸರು ಗೊತ್ತಾದ ಮಾತ್ರಕ್ಕೆ ಬಣವೆ ಒಟ್ಟಿದವರು ಯಾರು ಅಂತ ತಿಳಿಯೋದಿಲ್ಲ.

1884ರ ನವೆಂಬರಿನಲ್ಲಿ ಬಿಸ್ಮಾರ್ಕ್ ಬರ್ಲಿನ್ನಿನಲ್ಲಿ 14 ದೇಶಗಳ ಪಂಚಾಯ್ತಿ ಕೂರಿಸಿದ. ಆಫ್ರಿಕಾದ ನೆಲಕ್ಕೆ ಬೇಲಿ ಹಾಕಲು ಕಟ್ಟಳೆ ಮಾಡಿಕೊಂಡರು. ಅಲ್ಲಿ ಒಬ್ಬನೇ ಒಬ್ಬ ಆಫ್ರಿಕನ್ ಇರಲಿಲ್ಲ. ನಮ್ಮ ಕೇರಿಯ ಯಾವ ಮುದುಕನಿಗೂ ಇಂಥ ಪಂಚಾಯ್ತಿಯನ್ನ ಬಿಡಿಸಿ ಹೇಳಬೇಕಿಲ್ಲ.

ಜಗಳ ಬೇಡ ಅಂತ ಸೇರಿದವರೇ, ಬಾಚಿಕೊಳ್ಳಲು ನೆಲ ತೀರಿದ ಮೇಲೆ ಒಬ್ಬರ ಪಾಲನ್ನೊಬ್ಬರು ಅಳೆಯತೊಡಗಿದರು. ತಡವಾಗಿ ಬಂದ ಜರ್ಮನಿಗೆ ಸಿಕ್ಕಿದ್ದು ಸಾಲದು. ಬ್ರಿಟನ್, ಫ್ರಾನ್ಸುಗಳಿಗೆ ಬಿಡಲು ಮನಸ್ಸಿಲ್ಲ. 1905ರಲ್ಲಿ, ಮತ್ತೆ 1911ರಲ್ಲಿ ಮೊರಾಕೊಗಾಗಿ ಯುದ್ಧದ ಅಂಚಿಗೆ ಹೋದರು. ಎರಡನೇ ಸಲ ಜರ್ಮನಿಯ ಬಾಯಿ ಮುಚ್ಚಿಸಲು ಫ್ರಾನ್ಸ್ ಕೊಟ್ಟದ್ದೇನು? ಕಾಂಗೊ ಸೀಮೆಯದೊಂದು ತುಂಡು, ಅಲ್ಲಿನ ಜನ ಸಮೇತ! ಈ ಎಳೆದಾಟದಲ್ಲೇ ಹಳೆಯ ವೈರಿಗಳಾದ ಬ್ರಿಟನ್, ಫ್ರಾನ್ಸ್ ಒಂದಾದವು. ಬಾಲ್ಕನ್ ಸೀಮೆಯಲ್ಲಿ ಆಸ್ಟ್ರಿಯಾಕ್ಕೂ ರಷ್ಯಾಕ್ಕೂ ಇದ್ದದ್ದೂ ಇಂಥದೇ ಪೈಪೋಟಿ. ಬಣವೆ ಆಗಲೇ ಒಣಗಿತ್ತು.

ಗೆಳೆಯರೆ, ಆ ಯುದ್ಧದಲ್ಲಿ ಬ್ರಿಟನ್ನಿನ ನೆಲಸೇನೆಯ ಮೊದಲ ಗುಂಡು ಹಾರಿದ್ದು ಯುರೋಪಿನಲ್ಲಲ್ಲ. 1914ರ ಆಗಸ್ಟ್ 7ರಂದು, ಜರ್ಮನರ ಕೈಲಿದ್ದ ಟೋಗೊಲ್ಯಾಂಡಿನಲ್ಲಿ. ಹಾರಿಸಿದವನು ಅಲ್‌ಹಾಜಿ ಗ್ರುನ್ಶಿ ಎಂಬ ಆಫ್ರಿಕಾದ ಸಿಪಾಯಿ.

ಪೂರ್ವ ಆಫ್ರಿಕಾದಲ್ಲಿ ಬ್ರಿಟಿಷರೂ ಜರ್ಮನರೂ ನಾಲ್ಕು ವರ್ಷ ಅಟ್ಟಾಡಿಕೊಂಡು ಬಡಿದಾಡಿದರು. ತ್ಸೆತ್ಸೆ ನೊಣ ಕಚ್ಚಿ ಕುದುರೆ, ಎತ್ತು, ಕತ್ತೆ ಸತ್ತವು. ಆಮೇಲೆ ಉಳಿದದ್ದು ಮನುಷ್ಯರ ತಲೆ. ಮದ್ದುಗುಂಡು, ಹಿಟ್ಟಿನ ಚೀಲ, ದೊರೆಗಳ ಹಾಸಿಗೆ ಎಲ್ಲ ಅದರ ಮೇಲೆ. ಲಕ್ಷಗಟ್ಟಲೆ ಜನರನ್ನು ಊರೂರಿಂದ ಹಿಡಿದು ತಂದರು. ಹೊರೆಯಾಳುಗಳು ಗುಂಡಿಗಿಂತ ಹೆಚ್ಚು ಸತ್ತದ್ದು ಹಸಿವಿಗೆ, ಆಮಶಂಕೆಗೆ, ಮಲೇರಿಯಾಕ್ಕೆ. ಯುರೋಪಿನಲ್ಲಿ 1918ರ ನವೆಂಬರ್ 11ಕ್ಕೆ ಕದನ ನಿಂತಿತು. ಇಲ್ಲಿ ಜರ್ಮನ್ ದಳಪತಿ ಲೆಟೊವ್-ಫೋರ್ಬೆಕ್ ಶರಣಾದದ್ದು 25ಕ್ಕೆ. ಅಲ್ಲೀತನಕ ಹೊರೆ ಇಳಿಯಲಿಲ್ಲ.

ಸತ್ತ ಬಿಳಿ ಸಿಪಾಯಿಗೆ ಹೆಸರು ಕೆತ್ತಿದ ಕಲ್ಲು ಸಿಕ್ಕಿತು. ಹೊರೆಯಾಳಿನ ಹೆಸರನ್ನು ಬಹುಪಾಲು ಎಲ್ಲೂ ಕೆತ್ತಲಿಲ್ಲ. ಆ ಯುದ್ಧದಲ್ಲಿ ತಮ್ಮ ಪರ ಸತ್ತ ಕನಿಷ್ಠ 1,16,000 ಜನರಿಗೆ ಹೆಸರಿನ ಗುರುತೇ ಇಲ್ಲ, ಸಂಖ್ಯೆ 3,50,000 ಮುಟ್ಟಲೂಬಹುದು, ಅವರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾ, ಈಜಿಪ್ಟಿನವರು ಅಂತ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಒಪ್ಪಿಕೊಂಡದ್ದು 2021ರಲ್ಲಿ.

ನೈರೋಬಿಯ ಒಂದು ಪೇಟೆಗೆ ಇವತ್ತಿಗೂ ಕರಿಯಾಕೋರ್ ಅನ್ನುತ್ತಾರೆ. ಹೊರೆಯಾಳುಗಳ ದಂಡಿಗೆ ಇಂಗ್ಲಿಷರು ಇಟ್ಟಿದ್ದ ‘ಕ್ಯಾರಿಯರ್ ಕೋರ್’ ಅನ್ನೋ ಹೆಸರು ಜನರ ಬಾಯಲ್ಲಿ ಸವೆದು ಹಾಗಾಯಿತು.